ಬಡಿದು ನೋಡಿದ ಬ್ಯಾಟು

ಕಲ್ಲಂಗಡಿಯನ್ನು ಎಲ್ಲರೂ ಬಡಿದು ನೋಡುತ್ತಾರೆ. ಸೇಡಂನ ಸೂರ್ಯಕಾಂತ ಬಾಗಿಲನ್ನು, ಕೊಡವನ್ನು, ಕುರ್ಚಿಯ ಕಾಲನ್ನು, ಬಸ್ಸಿನ ಕಂಬಿಯನ್ನು ಕೂಡ ಬಡಿದು ನೋಡುತ್ತಾನೆ. ಬೀಗರ ಮನೆಗೆ ಹೋದರೂ ಅಷ್ಟೇ. ಕೂರುವ ಮೊದಲು ಬೆರಳ ಗೆಣ್ಣಿನಿಂದ ಗೋಡೆಗೆ ಎರಡೇಟು ಹಾಕಿ, ತಲೆ ವಾರೆ ಮಾಡಿ ಕೇಳಿಸಿಕೊಂಡು, ಆಮೇಲೆ ಚಾಪೆಯ ಮೇಲೆ ಕೂರುತ್ತಾನೆ. “ನನ್ನ ತಲೀನೂ ಬಡದು ನೋಡೇ ಲಗ್ನ ಆಗ್ಯಾನ ಇಂವ,” ಎಂದು ಅವನ ಹೆಂಡತಿ ಅನಸುಬಾಯಿ ಹೇಳಿದರೆ ಓಣಿಯ ಹೆಂಗಸರೆಲ್ಲ ಬಿದ್ದು ಬಿದ್ದು ನಗುತ್ತಾರೆ. ನಗುವವರು ನಗಲಿ. ಆ ಬಡಿತ ಚಾಳಿಯಲ್ಲ, ಹೆದರಿಕೆ. ಅದು ಅನಸುಬಾಯಿಗೂ ಗೊತ್ತಿರಲಿಲ್ಲ.

ಊರ ಹೊರಗಿನ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ, ಜನರ ಬಾಯಲ್ಲಿ ‘ಮಷೀನಿ’ನಲ್ಲಿ, ಅವನ ಕೆಲಸ. ನೆಲಕ್ಕೆ ಹಾಸುವ ಕಲ್ಲಿಗೆ ಇಲ್ಲಿಯವರು ಪರಸಿ ಅನ್ನುತ್ತಾರೆ. ಗಣಿಯಿಂದ ಬಂದ ಪರಸಿಯನ್ನು ಸುತ್ತಿಗೆಯ ಹಿಡಿಯಿಂದ ಬಡಿಯಬೇಕು. ಠಣ್ ಎಂದರೆ ಕಲ್ಲು ಗಟ್ಟಿ. ಡಬ್ ಎಂದರೆ ಒಳಗೆಲ್ಲೋ ಬಿರುಕಿದೆ, ಅದನ್ನು ತೆಗೆದು ಪಕ್ಕಕ್ಕಿಡಬೇಕು. ಹದಿನೈದನೆಯ ವಯಸ್ಸಿಗೆ ಈ ಕೆಲಸಕ್ಕೆ ಬಂದ ಸೂರ್ಯಕಾಂತನ ಕಿವಿ ಎಷ್ಟು ಚುರುಕೆಂದರೆ, ವಾಡಿ, ಶಹಾಬಾದ್ ಕಡೆಯ ಮಷೀನಿನವರೂ ದೊಡ್ಡ ಮಾಲು ಬಂದಾಗ ಅವನನ್ನು ಕರೆಸುತ್ತಿದ್ದರು. ಕಣ್ಣಿಗೆ ಕಾಣದ ಬಿರುಕು ಅವನ ಕಿವಿಗೆ ಕೇಳಿಸುತ್ತದೆ ಎಂಬುದು ಸುತ್ತಮುತ್ತಲ ಮಾತು.

ಒಂಬತ್ತು ವರ್ಷದ ಹಿಂದೆ ಒಂದು ಬಿರುಕು ಅವನಿಗೆ ಕೇಳಿಸಿತ್ತು. ಅವತ್ತು ಲಾರಿ ನಿಂತಿತ್ತು, ಡ್ರೈವರ್ ಹಾರ್ನ್ ಹೊಡೆಯುತ್ತಿದ್ದ. ಬೆಳಗಿನಿಂದ ಆರು ಪರಸಿ ಪಕ್ಕಕ್ಕಿಟ್ಟಿದ್ದ ಸೂರ್ಯಕಾಂತನಿಗೆ ಮಷೀನಿನ ಸಾವಕಾರ, “ಇನ್ನೊಂದು ತೆಗದಿಟ್ಟಿ ಅಂದ್ರ ನಾಳಿಂದ ಬರಬ್ಯಾಡ,” ಎಂದು ಎಲ್ಲರೆದುರು ಬೈದಿದ್ದ. ಏಳನೆಯದು ಡಬ್ ಎಂದಿತು. ಸೂರ್ಯಕಾಂತ ಸುಮ್ಮನಿದ್ದ. ಒಂದು ತುದಿ ತಾನು ಹಿಡಿದ, ಇನ್ನೊಂದು ತುದಿಯನ್ನು ಜೊತೆಗಾರ ಶಾಕೀರ ಹಿಡಿದ. ಲಾರಿಯ ಹತ್ತಿರ ಹೋಗುತ್ತಿದ್ದಂತೆ ಕಲ್ಲು ನಡುವೆ ಮುರಿದು, ಅರ್ಧ ಭಾಗ ಶಾಕೀರನ ಬಲಗಾಲ ಮೇಲೆ ಬಿತ್ತು. ದವಾಖಾನೆಯಲ್ಲಿ ಅರ್ಧ ಪಾದ ತೆಗೆದರು. ಮಾತು ಆಡಿದರೆ ಹೋಯಿತು ಅನ್ನುತ್ತಾರೆ ಹಿರಿಯರು. ಆಡದ ಮಾತಿನಿಂದ ಕಾಲು ಹೋದದ್ದನ್ನು ಸೂರ್ಯಕಾಂತ ಕಂಡಿದ್ದ.

ಆ ಮಾತನ್ನು ಅವನು ಯಾರಿಗೂ ಹೇಳಲಿಲ್ಲ. ಅವತ್ತಿನಿಂದ ಕಂಡದ್ದನ್ನೆಲ್ಲ ಬಡಿಯತೊಡಗಿದ. ಶಾಕೀರ ಹೈದರಾಬಾದಿನಲ್ಲಿದ್ದ ಭಾವನ ಬಳಿ ಹೋಗಿ ಶಟಲ್ ಬ್ಯಾಟಿಗೆ ದಾರ ಕಟ್ಟುವುದನ್ನು ಕಲಿತು ಬಂದು, ಸೇಡಂ ಬಜಾರಿನಲ್ಲಿ ಆಟದ ಸಾಮಾನಿನ ಸಣ್ಣ ಅಂಗಡಿ ಇಟ್ಟ. ಸೂರ್ಯಕಾಂತ ಬಜಾರಿಗೆ ಹೋಗುವ ದಾರಿಯನ್ನೇ ಬದಲಿಸಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ಇರುತ್ತಾರಲ್ಲ, ಇವನು ಯಾರೂ ಏನೂ ಅನ್ನದೆಯೇ ಹೆಗಲು ಒರೆಸಿಕೊಳ್ಳುತ್ತ ಒಂಬತ್ತು ವರ್ಷ ಕಳೆದ.

ಅಂಥವನು ಆ ಅಂಗಡಿಯ ಮೆಟ್ಟಿಲು ಹತ್ತಬೇಕಾಯಿತು. ಅದಕ್ಕೆ ಕಾರಣ ಮಗಳು ಲುಂಬಿನಿ.

ಲುಂಬಿನಿ ಒಂಬತ್ತನೆಯ ತರಗತಿ. ಶಾಲೆಯ ಕಬ್ಬಿಣದ ಬ್ಯಾಟು ಹಿಡಿದು ತಾಲ್ಲೂಕು ಮಟ್ಟದಲ್ಲಿ ಗೆದ್ದಳು. ಗೆದ್ದದ್ದೇನೋ ನಿಜ, ಆದರೆ ಕೊನೆಯ ಹೊಡೆತಕ್ಕೆ ಬ್ಯಾಟಿನ ತಲೆ ಹಿಡಿಯಿಂದ ಕಳಚಿ ಹಾರಿ ಎದುರಾಳಿ ಹುಡುಗಿಯ ಹುಬ್ಬಿಗೆ ಬಡಿಯಿತು. ಮೂರು ಹೊಲಿಗೆ ಬಿದ್ದವು. “ಅರ್ಧ ಬೆರಳು ಕೆಳಗ ಬಡದಿದ್ರ ಕಣ್ಣು ಹೋಗ್ತಿತ್ತು,” ಎಂದರಂತೆ ಡಾಕ್ಟರು. ಮಗಳು ಬೆಳ್ಳಿ ಬಣ್ಣದ ಕಪ್ ಹಿಡಿದು ನಗುತ್ತ ಮನೆಗೆ ಬಂದರೆ, ಈ ಸುದ್ದಿ ಕೇಳಿದ ಸೂರ್ಯಕಾಂತ ಅದರ ಕಡೆ ನೋಡಲೇ ಇಲ್ಲ. ತನ್ನ ಕೈಯಿಂದ ಒಂದು ಕಾಲು ಹೋಗಿತ್ತು. ಈಗ ತನ್ನ ಮಗಳ ಕೈಯಿಂದ ಒಂದು ಕಣ್ಣು ಹೋಗುವುದಿತ್ತು.

ಆಟದ ಟೀಚರ್ ಉಮಾದೇವಿ ಮನೆಗೇ ಬಂದರು. “ಜಿಲ್ಲಾ ಮಟ್ಟದ ಆಟ ಬರೋ ರವಿವಾರ ಶಹಾಬಾದನ್ಯಾಗ ಅದ. ಅಲ್ಲಿ ಮೊದಲನೇ ನಾಕು ಮಂದಿಯೊಳಗ ಬಂದ್ರ ವಿಭಾಗಕ್ಕ ಆರಿಸ್ತಾರ. ಹುಡುಗಿಗಿ ಸ್ವಂತ ರ‍್ಯಾಕೆಟ್ ಬೇಕ್ರಿ, ಸೂರ್ಯಕಾಂತ. ಹಗುರ ಇರಬೇಕು, ಒಂದೇ ತುಂಡಿಂದು ಇರಬೇಕು. ಜೋಡಿಸಿದ್ದು ತರಬ್ಯಾಡ್ರಿ.”

“ಎಷ್ಟಾಗ್ತದ್ರಿ ಟೀಚರ್?”

“ಐದು ಸಾವಿರದ್ದೂ ಅದ, ಐದುನೂರದ್ದೂ ಅದ. ಶಾಕೀರನ ಅಂಗಡಿಗಿ ಹೋಗ್ರಿ, ಅಂವ ಮೋಸ ಮಾಡಂಗಿಲ್ಲ.”

ಕೈಯಲ್ಲಿದ್ದದ್ದು ಹದಿನೈದು ನೂರು. ಆದರೆ ಸೂರ್ಯಕಾಂತ ಬೆಚ್ಚಿದ್ದು ರೊಕ್ಕಕ್ಕಲ್ಲ, ಶಾಕೀರನ ಹೆಸರಿಗೆ. ಕಲಬುರಗಿಗೆ ಹೋಗಿ ತರೋಣ ಎಂದು ಮಗಳ ಎದುರು ಹೇಳಿ ನೋಡಿದ. ಬಸ್ಸಿನ ಖರ್ಚಿನಲ್ಲಿ ಬ್ಯಾಟಿಗೆ ಒಂದು ಚೀಲ ಬರುತ್ತದೆ ಎಂದು ಅವಳು ಬಾಯಿ ಮುಚ್ಚಿಸಿದಳು.

ಗುರುವಾರ ಸಂಜೆ ಇಬ್ಬರೂ ಹೋದರು. ಅಂಗಡಿಯೆಂದರೆ ಎಷ್ಟು ಅಂಗಡಿ, ಮೂರು ಜನ ನಿಂತರೆ ನಾಲ್ಕನೆಯವನು ರಸ್ತೆಯಲ್ಲಿರಬೇಕು. ಕೌಂಟರಿನ ಹಿಂದೆ ಶಾಕೀರ ಸ್ಟೂಲಿನ ಮೇಲೆ ಕೂತು ಒಂದು ಬ್ಯಾಟಿಗೆ ದಾರ ಎಳೆಯುತ್ತಿದ್ದ. ಗಡ್ಡ ಅಲ್ಲಲ್ಲಿ ನೆರೆತಿತ್ತು. ತಲೆಯೆತ್ತಿ ಸೂರ್ಯಕಾಂತನನ್ನು ನೋಡಿದ. ನೋಡುತ್ತಲೇ ಇದ್ದ. ಆ ಕಲ್ಲಿನ ಮಾತನ್ನು ಈಗ ಕೇಳುತ್ತಾನೆ, ಈಗ ಕೇಳುತ್ತಾನೆ ಎಂದು ಸೂರ್ಯಕಾಂತ ಕಾದ.

“ಬಾ ಸೂರ್ಯಾ,” ಎಂದ ಶಾಕೀರ. “ಭಾಳ ದಿನ ಆತು. ಇಕಿ ನಿನ್ನ ಮಗಳಾ? ತಾಲ್ಲೂಕು ಗೆದ್ದಾಕಿ ಇಕೀನೇ ಏನು? ಬಾ ಬೇಟಿ, ಕೈ ತೋರಸು.”

ಅಷ್ಟೇ. ಲುಂಬಿನಿಯ ಅಂಗೈ ಅಗಲ ನೋಡಿ, ಗೂಟದಿಂದ ಮೂರು ಬ್ಯಾಟು ಇಳಿಸಿ ಕೌಂಟರಿನ ಮೇಲಿಟ್ಟ. ಸೂರ್ಯಕಾಂತ ಬ್ಯಾಟುಗಳನ್ನಷ್ಟೇ ನೋಡಿದ. ಕೌಂಟರಿನ ಆಚೆ, ಸ್ಟೂಲಿನ ಕೆಳಗೆ, ಕಣ್ಣು ಹಾಯಿಸುವ ಧೈರ್ಯ ಅವನಿಗಿರಲಿಲ್ಲ.

“ಇದು ನಾಕನೂರು, ಕಬ್ಬಿಣ. ತಲಿ ಬ್ಯಾರೆ, ಕೋಲು ಬ್ಯಾರೆ. ಹಾರಿದ್ದು ಇಂಥಾದ್ದೇ. ಇದು ಎಂಟನೂರು, ತಲಿ ಅಲ್ಯೂಮಿನಿಯಂ. ಬಗ್ತದ, ಮುರಿಯಂಗಿಲ್ಲ, ಆದ್ರ ಭಾರ. ನಾಕು ಆಟ ಆಡಿದ್ರ ಮಣಿಕಟ್ಟು ನೋಯ್ತದ. ಇದು ಹದಿನಾಕುನೂರು, ಪೂರಾ ಕಾರ್ಬನ್, ಒಂದೇ ತುಂಡು. ಹಿಡಿ ಬೇಟಿ.”

ಲುಂಬಿನಿ ಹಿಡಿದಳು. ಅವಳ ಮುಖ ನೋಡಿದರೆ ಇನ್ನು ಬೇರೆ ಯಾವುದನ್ನೂ ಇಳಿಸಬೇಕಾಗಿಲ್ಲ ಎಂದು ಗೊತ್ತಾಗುತ್ತಿತ್ತು. ರಸ್ತೆಗಿಳಿದು ಗಾಳಿಯಲ್ಲಿ ಎರಡು ಸಲ ಬೀಸಿದಳು. ಸುಂಯ್ ಎಂದಿತು.

ಸೂರ್ಯಕಾಂತನ ಬೆರಳು ಸುಮ್ಮನಿರಬೇಕಲ್ಲ. ಕಬ್ಬಿಣದ್ದನ್ನು ಬಡಿದ. ಠಣ್ ಎಂದಿತು. ಅಲ್ಯೂಮಿನಿಯಂ ಕೂಡ ಠಣ್ ಎಂದಿತು. ಮಗಳ ಕೈಯಿಂದ ಕಾರ್ಬನ್ನಿನದನ್ನು ಇಸಿದುಕೊಂಡು ಬಡಿದ. ಡಬ್ ಎಂದಿತು.

“ಇದು ಒಡದದ,” ಎಂದ.

“ಏ, ಅದರ ದನೀನೇ ಹಂಗ,” ಎಂದು ಶಾಕೀರ ನಕ್ಕ. ಅಂಥವೇ ಇನ್ನೆರಡು ತೆಗೆದು ಮುಂದಿಟ್ಟ. ಅವೂ ಡಬ್ ಎಂದವು. “ಕಾರ್ಬನ್ ಹಾಡಂಗಿಲ್ಲ ಸೂರ್ಯಾ. ಇದು ಪರಸಿ ಅಲ್ಲ. ಇನ್ನೂ ಬಡಿಯೋದು ಬಿಟ್ಟಿಲ್ಲೇನು ನೀನು?”

ಪರಸಿ ಎಂಬ ಮಾತು ಶಾಕೀರನ ಬಾಯಿಂದ ಬಂದದ್ದೇ ತಡ, ಸೂರ್ಯಕಾಂತ ಬ್ಯಾಟನ್ನು ಕೆಳಗಿಟ್ಟು ರೊಕ್ಕ ಎಣಿಸಿ ಕೊಟ್ಟ.

“ಒಂದು ಮಾತು ನೆಪ್ಪಿಡ್ರಿ,” ಎಂದು ಶಾಕೀರ ದಾರ ಕಟ್ಟುತ್ತ ಹೇಳಿದ. “ದಾರ ಭಾಳ ಬಿಗಿ ಮಾಡಂಗಿಲ್ಲ, ಈ ರೇಟಿನ ಬ್ಯಾಟು ಬಿಗಿ ತಾಳಂಗಿಲ್ಲ. ಬಿಸಿಲಾಗ ಇಡಬ್ಯಾಡ್ರಿ. ಗಟ್ಟಿ ವಸ್ತುಕ್ಕ ಬಡೀಬ್ಯಾಡ್ರಿ. ಒಂದು ಪೆಟ್ಟು ಸಾಕು, ಕೂದಲಿನಂಥ ಬಿರುಕು ಬೀಳ್ತದ, ಆಮ್ಯಾಲ ಆಡ್ತಾ ಆಡ್ತಾ ಮುರೀತದ. ಕೇಳಿಸ್ತಾ ಸೂರ್ಯಾ?”

ಕೇಳಿಸಿತು. ಆದರೆ ಅವನ ಕಿವಿಯಲ್ಲಿ ಆ ಡಬ್ ಒಂದೇ ಉಳಿದಿತ್ತು. ಇಪ್ಪತ್ತೆಂಟು ವರ್ಷ ನಂಬಿದ ಕಿವಿಯನ್ನು ಒಂದು ಸಂಜೆಗೆ ಸುಳ್ಳೆನ್ನುವುದು ಹೇಗೆ?

ಶುಕ್ರವಾರ ಕಳೆಯಿತು. ಶನಿವಾರ ಸಂಜೆ ತಾಯಿ ಮಗಳು ನಾಳೆಯ ಬುತ್ತಿಗೆ ಹಿಟ್ಟು ಬೀಸಿಸಲು ಗಿರಣಿಗೆ ಹೋದರು. ಬ್ಯಾಟು ಬಾಬಾಸಾಹೇಬರ ಫೋಟೋದ ಕೆಳಗೆ ಗೂಟದಲ್ಲಿ ತೂಗುತ್ತಿತ್ತು. ಒಂದೇ ಸಲ, ಎಂದುಕೊಂಡ ಸೂರ್ಯಕಾಂತ. ಎಲ್ಲ ಕೆಟ್ಟ ಕೆಲಸವೂ ಒಂದೇ ಸಲ ಎಂದೇ ಶುರುವಾಗುತ್ತದೆ. ಚೀಲ ತೆಗೆದು ಬೆರಳಿನಿಂದ ಬಡಿದ. ಡಬ್. ಬೆರಳಿನ ಪೆಟ್ಟು ಮೆತ್ತಗಾಯಿತೇನೋ ಎಂದು ಸುತ್ತಿಗೆ ತಂದು ಅದರ ಹಿಡಿಯಿಂದ ಬಡಿದ. ಡಬ್. ಒಳಗೆ ಗಟ್ಟಿಯಿದ್ದರೆ ಜೋರಾಗಿ ಬಡಿದಾಗಲಾದರೂ ಠಣ್ ಎನ್ನಬೇಕಲ್ಲ? ಪರಸಿ ಹಾಗೇ ಅನ್ನುತ್ತದೆ. ಇನ್ನೊಂದು ಹಾಕಿದ, ಪರಸಿಗೆ ಹಾಕುವಷ್ಟೇ ಜೋರಾಗಿ.

ಚಿಟ್ ಎಂದಿತು.

ಸಣ್ಣ ದನಿ. ಬೇರೆ ಯಾರಿದ್ದರೂ ಹಲ್ಲಿ ಅಂದುಕೊಳ್ಳುತ್ತಿದ್ದರು. ಸೂರ್ಯಕಾಂತ ಕಿಟಕಿಯ ಬೆಳಕಿಗೆ ಹಿಡಿದು ನೋಡಿದ, ಏನೂ ಕಾಣಲಿಲ್ಲ. ಕಲ್ಲಿನಲ್ಲಿ ಕಾಣದ ಬಿರುಕನ್ನು ಹುಡುಕಲು ನೀರು ಸವರುವುದುಂಟು. ಒರೆಸಿದರೆ ಕಲ್ಲೆಲ್ಲ ಒಣಗುತ್ತದೆ, ಬಿರುಕು ಮಾತ್ರ ಒದ್ದೆಯಾಗಿ ಉಳಿಯುತ್ತದೆ. ಬೆರಳನ್ನು ತಂಬಿಗೆಯಲ್ಲಿ ಅದ್ದಿ ಬ್ಯಾಟಿನ ತಲೆಗೆ ಸವರಿ ಒರೆಸಿದ. ಬಲಭಾಗದಲ್ಲಿ, ಬಣ್ಣ ಸೀಳಿದಂತೆ, ಕೂದಲೆಳೆಯಷ್ಟು ಗೆರೆ ಒದ್ದೆಯಾಗಿ ಉಳಿಯಿತು.

ಇಲ್ಲದ ಬಿರುಕಿಗೆ ಹೆದರಿ ಹೆದರಿ, ಅದನ್ನು ತಾನೇ ತಂದು ಕೂರಿಸಿದ್ದ.

ಓಣಿಯಲ್ಲಿ ಲುಂಬಿನಿಯ ನಗು ಕೇಳಿಸಿತು. ಬ್ಯಾಟನ್ನು ಚೀಲಕ್ಕೆ ತುರುಕಿ ಗೂಟಕ್ಕೆ ಹಾಕಿ, ಸುತ್ತಿಗೆಯನ್ನು ಮಂಚದ ಕೆಳಗೆ ತಳ್ಳಿದ. “ಅಪ್ಪಾ, ಹೋಳಿಗಿ ಮಾಡ್ತಾಳಂತ ಅವ್ವ!” ಎಂದಳು ಮಗಳು. ಹೇಳಬೇಕು ಎಂದು ಬಾಯಿ ತೆರೆದ. “ಛಲೋ ಆತು,” ಎಂದು ಮುಚ್ಚಿದ.

ಬೆಳಿಗ್ಗೆ ಪ್ಯಾಸೆಂಜರ್ ಗಾಡಿ. ಕಿಟಕಿಯ ಬಳಿ ಲುಂಬಿನಿ, ಅವಳ ತೊಡೆಯ ಮೇಲೆ ಬ್ಯಾಟು. ಎದುರಿಗೆ ಉಮಾದೇವಿ ಟೀಚರ್. ಚಿತ್ತಾಪುರ ಬರಲಿ ಹೇಳುತ್ತೇನೆ ಎಂದುಕೊಂಡ ಸೂರ್ಯಕಾಂತ. ಚಿತ್ತಾಪುರ ಬಂತು, ಹೋಯಿತು. ವಾಡಿಯಲ್ಲಿ ಗಾಡಿ ಬದಲಿಸುವಾಗ ಹೇಳುತ್ತೇನೆ ಎಂದುಕೊಂಡ. ವಾಡಿಯಲ್ಲಿ ಮೂವರೂ ಚಹಾ ಕುಡಿದರು. ಟೀಚರ್ ಬ್ಯಾಟನ್ನು ಕೈಯಲ್ಲಿ ತೂಗಿ ನೋಡಿ, “ಇಷ್ಟು ರೊಕ್ಕದಾಗ ಇದಕ್ಕಿಂತ ಛಲೋದು ಸಿಗಂಗಿಲ್ರಿ. ಭಾಳ ತಿಳದು ತಂದೀರಿ,” ಎಂದರು. ಸೂರ್ಯಕಾಂತ ಚಹಾದ ಲೋಟ ಕೆಳಗಿಟ್ಟ. ಏನೂ ಆಗಲಿಕ್ಕಿಲ್ಲ, ಕೂದಲೆಳೆಯಷ್ಟೇ ಅಲ್ಲವೇ, ಇವತ್ತೊಂದು ದಿನ ತಡೆದೀತು. ಇದೇ ಮಾತನ್ನು, ಇದೇ ದನಿಯಲ್ಲಿ, ಒಂಬತ್ತು ವರ್ಷದ ಹಿಂದೆ ಲಾರಿಯ ಪಕ್ಕ ನಿಂತು ಹೇಳಿಕೊಂಡಿದ್ದ.

ಶಹಾಬಾದಿನ ಹಳೆಯ ಕ್ಲಬ್ಬಿನ ಹಾಲ್‌ನಲ್ಲಿ ಆಟ. ಲುಂಬಿನಿ ಮೊದಲ ಎರಡು ಸುತ್ತು ಗೆದ್ದಳು. ಮೂರನೆಯದನ್ನು ಗೆದ್ದರೆ ನಾಲ್ವರೊಳಗೆ ಬಂದಂತೆ. ಎದುರಾಳಿ ಚಿಂಚೋಳಿಯ ರಾಧಿಕಾ, ಎರಡು ಜಡೆಯ ತೆಳ್ಳಗಿನ ಹುಡುಗಿ, ದೊಡ್ಡ ಕಣ್ಣು. ಸೂರ್ಯಕಾಂತ ಆ ಕಣ್ಣುಗಳನ್ನೇ ನೋಡುತ್ತ ಕೂತ. ಮಗಳ ಪ್ರತಿ ಹೊಡೆತಕ್ಕೂ ಅವನ ಬೆರಳು ತೊಡೆಗೆ ನಾಟುತ್ತಿದ್ದವು. ಎಲ್ಲರಿಗೂ ಶಟಲ್ಲಿನ ಸದ್ದು ಕೇಳುತ್ತಿದ್ದರೆ ಅವನಿಗೆ ಅದರ ಹಿಂದಿನ ಇನ್ನೊಂದು ಸದ್ದು ಕೇಳುತ್ತಿತ್ತು, ಚಿಟ್, ಚಿಟ್.

ಮೊದಲ ಗೇಮ್ ಲುಂಬಿನಿ ಗೆದ್ದಳು. ಇಂಥ ಆಟವನ್ನು ಅವಳು ಯಾವತ್ತೂ ಆಡಿರಲಿಲ್ಲ. ಎರಡನೆಯದರಲ್ಲಿ ಒಂಬತ್ತು ಆರರಿಂದ ಮುಂದಿದ್ದಳು. ರಾಧಿಕಾ ಬಲೆಯ ಹತ್ತಿರಕ್ಕೆ ಬಂದು ಶಟಲ್ ಎತ್ತಿ ಕೊಟ್ಟಳು. ಲುಂಬಿನಿ ಮೇಲೆ ಹಾರಿದಳು, ತೋಳು ಹಿಂದಕ್ಕೆ ಹೋಯಿತು. ಹೊಡೆತ ಬಿತ್ತು, ಪಾಯಿಂಟೂ ಬಂತು. ಆದರೆ ಈ ಸಲದ ಸದ್ದು ಬೇರೆಯಿತ್ತು. ಅದು ಸೂರ್ಯಕಾಂತನ ಕಿವಿಗೆ ಮಾತ್ರ ಬಿತ್ತು.

ತಾನು ಯಾವಾಗ ಎದ್ದೆ ಎಂಬುದು ಅವನಿಗೇ ತಿಳಿಯಲಿಲ್ಲ. ಚಪ್ಪಲಿ ಹಾಕಿಕೊಂಡೇ ಅಂಕಣದ ನಡುವೆ ನಿಂತಿದ್ದ.

“ನಿಲ್ಲಸ್ರಿ! ಆಟ ನಿಲ್ಲಸ್ರಿ!”

“ಯಾರ್ರಿ ನೀವು? ಹೊರಗ ನಡೀರಿ!” ಎಂದು ಅಂಪೈರ್ ಕುರ್ಚಿಯಿಂದಲೇ ಕೂಗಿದರು.

“ಅಪ್ಪಾ, ಏನ್ ಮಾಡ್ಲಿಕತ್ತಿ? ಹೋಗು!” ಲುಂಬಿನಿಯ ಮುಖ ನಾಚಿಕೆಗೆ ಕೆಂಪಾಗಿತ್ತು.

“ಬ್ಯಾಟು ಒಡದದ ಅವ್ವಾ. ನಾನೇ ಒಡದೀನಿ. ನಿನ್ನೆ ಸಂಜಿಮುಂದ ಸುತ್ತಿಗಿ ಹಿಡಿಲೆ ಬಡದು ಒಡದೀನಿ.”

ಹಾಲ್‌ನಲ್ಲಿ ಯಾರೋ ನಕ್ಕರು. ಉಮಾದೇವಿ ಟೀಚರ್ ಬಂದು ಬ್ಯಾಟು ಇಸಿದುಕೊಂಡು, ತಲೆಯ ಎರಡೂ ಪಕ್ಕ ಹೆಬ್ಬೆರಳಿಟ್ಟು ಅದುಮಿದರು. ಬಲಭಾಗ ಬಾಯಿ ಬಿಟ್ಟಿತು. ದಾರವೆಲ್ಲ ಸಡಿಲಾಗಿ ಜೋತುಬಿತ್ತು. ರಾಧಿಕಾ ಎರಡು ಹೆಜ್ಜೆ ಹಿಂದಕ್ಕೆ ಸರಿದಳು.

ಲುಂಬಿನಿ ಟೀಚರರ ಹಳೆಯ ಬ್ಯಾಟು ಹಿಡಿದು ಆಟ ಮುಗಿಸಿದಳು. ಅದರ ಹಿಡಿ ಅವಳ ಕೈಗೆ ದಪ್ಪ. ಎರಡನೆಯ ಗೇಮ್ ಹೋಯಿತು, ಮೂರನೆಯದೂ ಹೋಯಿತು. ವಿಭಾಗಕ್ಕೆ ರಾಧಿಕಾಳ ಹೆಸರು ಬರೆದುಕೊಂಡರು.

ಟೀಚರ್ ಫಲಿತಾಂಶದ ಕಾಗದಕ್ಕಾಗಿ ಅಲ್ಲೇ ಉಳಿದರು. ಅಪ್ಪ ಮಗಳು ವಾಡಿಯವರೆಗೆ ಬಂದರು. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ನಡುವೆ ಬ್ಯಾಟು ಇಟ್ಟುಕೊಂಡು ಕೂತರು. ಹೋಳಿಗೆಯ ಬುತ್ತಿ ಬಿಚ್ಚಲಿಲ್ಲ. ಲುಂಬಿನಿ ಕೇಳಿದಳು:

“ಎದಕ ಬಡದಿ ಅಪ್ಪಾ?”

“ಅಂಜಿಕಿ ಬಂತು.”

“ಎಂಥ ಅಂಜಿಕಿ?”

ಆಗ ಅವನು ಹೇಳಿದ. ಲಾರಿ, ಸಾವಕಾರ, ಏಳನೆಯ ಪರಸಿ, ಡಬ್ ಎಂಬ ಸದ್ದು, ತನ್ನ ಮುಚ್ಚಿದ ಬಾಯಿ, ಶಾಕೀರನ ಕಾಲು. ಹೆಂಡತಿಗೂ ಹೇಳದ್ದನ್ನು ಹದಿನಾಲ್ಕು ವರ್ಷದ ಮಗಳಿಗೆ ಹೇಳಿದ. ಅವಳ ಮುಖ ನೋಡಲು ಹೆದರಿ ಹಳಿಗಳನ್ನು ನೋಡುತ್ತ ಹೇಳಿದ. ಅವಳು ಬೈಯಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ಗಾಡಿ ಬಂದಾಗ ಬ್ಯಾಟು ಎತ್ತಿಕೊಂಡು ಎದ್ದಳು.

“ಸೇಡಂ ಇಳದು ಮನಿಗಿ ಬ್ಯಾಡ. ಮೊದಲ ಶಾಕೀರ ಚಾಚಾನ ಬಲ್ಲಿ ಹೋಗಮ.”

ಅವರು ಹೋದಾಗ ಬಜಾರಿನಲ್ಲಿ ಇನ್ನೂ ದೀಪ ಹತ್ತಿರಲಿಲ್ಲ. ಶಾಕೀರ ಯಾರದೋ ಬ್ಯಾಟಿಗೆ ದಾರ ಎಳೆಯುತ್ತಿದ್ದ. ಲುಂಬಿನಿ ಮುರಿದದ್ದನ್ನು ಕೌಂಟರಿನ ಮೇಲಿಟ್ಟಳು. ಅವನು ಬಿರುಕಿನ ಮೇಲೆ ಹೆಬ್ಬೆರಳು ಆಡಿಸಿದ.

“ಬಡದಿ,” ಎಂದ, ಸೂರ್ಯಕಾಂತನಿಗೆ.

“ಹೂಂ.”

ಸೂರ್ಯಕಾಂತ ಕೌಂಟರಿನ ಅಂಚು ಹಿಡಿದುಕೊಂಡ. ಮಗಳು ಪಕ್ಕದಲ್ಲಿ ನಿಂತಿರದಿದ್ದರೆ ಅವನು ಓಡಿಹೋಗುತ್ತಿದ್ದ, ಅದು ಖಂಡಿತ.

“ಶಾಕೀರ, ಅವತ್ತು ಆ ಪರಸಿ ಡಬ್ ಅಂದಿತ್ತು. ನಾ ಕೇಳಿದ್ದೆ. ಕೇಳಿನೂ ಸುಮ್ಮನಿದ್ದೆ.”

ಶಾಕೀರ ತಲೆ ಎತ್ತಲಿಲ್ಲ. ಕೈಯಲ್ಲಿದ್ದ ದಾರವನ್ನು ಕೊನೆಯ ತೂತಿನಿಂದ ಎಳೆದು, ಗಂಟು ಹಾಕಿ, ಉಳಿದದ್ದನ್ನು ಕತ್ತರಿಸಿದ. ಕತ್ತರಿಯನ್ನು ಅದರ ಜಾಗದಲ್ಲಿಟ್ಟ.

“ನಾನೂ ಕೇಳಿದ್ದೆ,” ಎಂದ.

“ನೀನೂ?”

“ನಂಗೇನು ಕಿವಿ ಇಲ್ಲೇನು ಸೂರ್ಯಾ? ಬಾಜೂಕ ನಿಂತಿದ್ದೆ. ಖರೆ, ಸಾವಕಾರನ ಅಂಜಿಕಿ ನಂಗೂ ಇತ್ತು. ಕಿವಿ ಅಂದ್ರ ಸೂರ್ಯಾನ ಕಿವಿ ಅಂತಿದ್ರು ಎಲ್ಲಾರು. ಹೇಳಿದ್ರ ನೀನೇ ಹೇಳ್ತಿ ಅಂತ ತಿಳದೆ. ನೀ ಹೇಳ್ತಿ ಅಂತ ನಾ ಸುಮ್ಮನಿದ್ದೆ.”

ಲುಂಬಿನಿ ಒಮ್ಮೆ ಅಪ್ಪನನ್ನು, ಒಮ್ಮೆ ಚಾಚಾನನ್ನು ನೋಡಿದಳು. ಸೂರ್ಯಕಾಂತ ಮೊದಲ ಸಲ ಕೌಂಟರಿನ ಮೇಲೆ ಬಗ್ಗಿ, ಸ್ಟೂಲಿನ ಕೆಳಗಿದ್ದ ಆ ಕಾಲನ್ನು ನೋಡಿದ.